ಬಾಯಿಂದ ಹೋಗದ ಔಷಧ

ನನ್ನ ಬಲಗಾಲಿನ ಚಪ್ಪಲಿ ಯಾವಾಗಲೂ ಮುಂದಿನಿಂದ ಸವೆಯುತ್ತದೆ. ಹಿಮ್ಮಡಿಯ ಕಡೆ ಹೊಸದರ ಹಾಗೇ ಇರುತ್ತದೆ, ಹೆಬ್ಬೆರಳಿನ ಕಡೆ ತೂತು ಬಿದ್ದಿರುತ್ತದೆ. ದೇವದುರ್ಗದ ಹುಡುಗಿಯರ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಅಲ್ಲಿಯ ಚಪ್ಪಲಿ ಹೊಲಿಯುವವನು, ಅಕ್ಕೋರು ನಡೀತಾರೋ ನೆಲ ಕೆದರ್ತಾರೋ ಎಂದು ನಗೆಯಾಡಿದ್ದ. ನಾನೂ ನಕ್ಕೆ. ಹೊಸಬರು ನೋಡಿದರೆ ಮಾತ್ರ ಎಲ್ಲರದೂ ಒಂದೇ ಪ್ರಶ್ನೆ, ಪೋಲಿಯೋನಾ ಎಂದು. ಹೌದು ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಬಾರದ ರೋಗದ ಮೇಲೆ ಗೂಬೆ ಕೂರಿಸಲು ನನಗೆ ಮನಸ್ಸಾಗುವುದಿಲ್ಲ. ಸೂಜಿಯಿಂದ ಆದದ್ದು ಅನ್ನುತ್ತೇನೆ. ಆಗ ಅವರು ಸೂಜಿ ಮಾಡಿದವನ ಮೇಲೆ ಹರಿಹಾಯುತ್ತಾರೆ. ಅದನ್ನೂ ನಾನು ಸುಮ್ಮನೆ ಕೇಳಿಸಿಕೊಳ್ಳಲಾರೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನಾವು ಮಾನ್ವಿಯವರು. ಆಗ ನಿಜಾಮರ ರಾಜ್ಯ. ಅಪ್ಪ ಸರ್ಕಾರಿ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸಿ ಬಂದು, ಮನೆಯಲ್ಲಿ ಕೈಕಾಲು ತೊಳೆದು ಸಂಧ್ಯಾವಂದನೆಗೆ ಕೂಡುತ್ತಿದ್ದ. ತಾತ, ಅಂದರೆ ಅಪ್ಪನ ಅಪ್ಪ, ಗುಡಿಯಲ್ಲಿ ಪುರಾಣ ಹೇಳುತ್ತಿದ್ದ. ಆದರೆ ಅವನ ಹೆಸರು ಪುರಾಣಕ್ಕಿಂತ ಹೆಚ್ಚಾಗಿ ಇದ್ದದ್ದು ವ್ಯವಸ್ಥೆ ಕೊಡುವುದರಲ್ಲಿ. ವ್ಯವಸ್ಥೆ ಅಂದರೆ ಮಡಿ ಮೈಲಿಗೆಯ ತಕರಾರುಗಳಿಗೆ ಶಾಸ್ತ್ರ ನೋಡಿ ತೀರ್ಪು ಹೇಳುವುದು. ಒಣಹಾಕಿದ ಹಪ್ಪಳವನ್ನು ಕಾಗೆ ತುಳಿಯಿತು, ಏನು ಮಾಡಬೇಕು. ಉಪ್ಪಿನಕಾಯಿ ಭರಣಿ ಮುಟ್ಟಿದ ಸೊಸೆ ಅವತ್ತೇ ಮುಟ್ಟಾದಳು, ಭರಣಿಯನ್ನು ಇಟ್ಟುಕೊಳ್ಳಬೇಕೋ ಎಸೆಯಬೇಕೋ. ಜನ ಜಗಲಿಗೆ ಬಂದು ಕೇಳುತ್ತಿದ್ದರು. ತಾತ ಕಣ್ಣು ಮುಚ್ಚಿ ತುಸು ಹೊತ್ತು ಕೂತು ತೀರ್ಪು ಹೇಳುತ್ತಿದ್ದ. ಹೇಳಿದನೆಂದರೆ ಮುಗಿಯಿತು, ಮತ್ತೆ ಚರ್ಚೆ ಇಲ್ಲ. ಹಪ್ಪಳದ ವಿಷಯದಲ್ಲಿ ಅವನು ಬಹಳ ದಯಾಳು. ಕಾಗೆ ತುಳಿದಷ್ಟನ್ನೇ ತೆಗೆದು ಉಳಿದದ್ದನ್ನು ಕರಿಯಿರಿ ಅನ್ನುತ್ತಿದ್ದ. ಅವನಿಗೆ ಹಪ್ಪಳ ಬಹಳ ಸೇರುತ್ತಿತ್ತು ಎಂಬುದು ನನ್ನ ಅನುಮಾನ.

ನನಗೆ ಏಳು ವರ್ಷವಾಗಿದ್ದಾಗ, ಮಳೆಗಾಲ ಮುಗಿಯುವ ಹೊತ್ತಿಗೆ ಚಳಿಜ್ವರ ಬಂತು. ದಿನ ಬಿಟ್ಟು ದಿನ, ಸರಿಯಾಗಿ ಊಟದ ವೇಳೆಗೆ ನಡುಕ ಶುರುವಾಗುತ್ತಿತ್ತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಕಾಯ್ದ ಹಂಚಿನಂಥ ಮೈ. ಅಮ್ಮ ಕಷಾಯದ ಮೇಲೆ ಕಷಾಯ ಕಾಸಿ ಕುಡಿಸಿದಳು, ಜ್ವರ ಜಗ್ಗಲಿಲ್ಲ. ಮೂರನೆಯ ವಾರ ನನ್ನ ಕೈಬಳೆ ತಾವಾಗಿಯೇ ಜಾರಿ ಬಿದ್ದವು. ಅಮ್ಮ ಆ ಬಳೆಗಳನ್ನು ಹಿಡಿದುಕೊಂಡು ಅಪ್ಪನ ಮುಂದೆ ನಿಂತಳು, ಅಪ್ಪ ಎದ್ದು ಹೋಗಿ ಸಾಹೇಬರನ್ನು ಕರೆದುಕೊಂಡು ಬಂದ.

ಸಾಹೇಬರು ನಮ್ಮ ಓಣಿ ದಾಟಿದರೆ ಆಚೆಯ ಮುಸಲ್ಮಾನರ ಓಣಿಯವರು. ಎಲ್ಲೋ ದೂರದ ಊರಿನಲ್ಲಿ ಕಂಪೌಂಡರ್ ಆಗಿದ್ದು, ವಯಸ್ಸಾದ ಮೇಲೆ ಬಂದು ಮನೆಯ ಮುಂದಿನ ಕೋಣೆಯಲ್ಲಿ ಔಷಧ ಕೊಡುತ್ತಿದ್ದರು. ತೆಳ್ಳಗಿನ ಮನುಷ್ಯ, ಕೂದಲೆಲ್ಲ ಬೆಳ್ಳಗೆ. ಜಗಲಿಯ ಮೇಲೆ ಕೂತು ನನ್ನ ನಾಲಿಗೆ ನೋಡಿದರು, ಎಡಪಕ್ಕೆಯ ಕೆಳಗೆ ಒತ್ತಿ ನೋಡಿದರು. ಮಲೇರಿಯಾ, ಕ್ವಿನೈನ್ ಕೊಡದೆ ಬಿಡುವುದಿಲ್ಲ ಎಂದರು. ಸೀಸೆಯಲ್ಲಿ ಮಿಕ್ಸ್ಚರ್ ಮಾಡಿ ಕೊಡುತ್ತೇನೆ, ದಿನಕ್ಕೆ ಮೂರು ಸಲದಂತೆ ಏಳು ದಿನ ಕುಡಿಸಿ, ಕಹಿ ಇರುತ್ತದೆ, ಮೇಲೆ ಬೆಲ್ಲ ಕೊಡಿ ಎಂದು ಹೇಳಿದರು.

ಹೊಸ್ತಿಲ ಒಳಗೆ ಕೂತಿದ್ದ ತಾತ ಕೇಳಿದ್ದು ಒಂದೇ ಮಾತು, ಆ ಮಿಕ್ಸ್ಚರಿಗೆ ನೀರು ಯಾವುದು ಎಂದು. ಸಾಹೇಬರು ಸುಳ್ಳು ಹೇಳಬಹುದಿತ್ತು. ನಮ್ಮ ಮನೆಯ ಕೊಡದ್ದೇ ಎಂದರು. ಪುಡಿಯನ್ನೇ ಕೊಟ್ಟರೆ ನಾವೇ ಮನೆಯ ನೀರಿನಲ್ಲಿ ಕಲಸಿಕೊಳ್ಳಬಹುದಲ್ಲ ಎಂದು ಅಪ್ಪ ಕೇಳಿದ. ಬರೀ ನೀರಿನಲ್ಲಿ ಅದು ಕರಗುವುದಿಲ್ಲ, ಅಳತೆ ನೋಡಿ ತೇಜಾಬಿನ ಹನಿ ಬಿಡಬೇಕು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ ಎಂದರು. ತೇಜಾಬು ಅಂದರೆ ಅಕ್ಕಸಾಲಿಗರು ಚಿನ್ನಕ್ಕೆ ಹಾಕುವ ಆಮ್ಲ. ಆ ಹೆಸರು ಕೇಳಿ ತಾತನ ಮುಖ ಇನ್ನೂ ಬಿಗಿಯಾಯಿತು. ಬೇರೆ ದಾರಿ ಇಲ್ಲವೇ ಎಂದ.

"ಸೂಜಿ ಅದ, ಪಂಡಿತಜೀ," ಎಂದರು ಸಾಹೇಬರು. "ಆದ್ರ ಕೂಸಿನ ಮೈಯಾಗ ಮಾಂಸಽ ಇಲ್ಲ. ನನ್ನ ಮಾತು ಕೇಳ್ರಿ, ಬಾಯಿಂದಽ ಕುಡಸ್ರಿ."

ತಾತ ಕಣ್ಣು ಮುಚ್ಚಿದ. ಜಗಲಿಯ ಆಚೀಚೆ ನಿಂತಿದ್ದ ನಾಲ್ಕು ಜನರೂ ಹತ್ತಿರ ಸರಿದರು. ಕಣ್ಣು ತೆರೆದು ಅವನು ಕೊಟ್ಟ ತೀರ್ಪು ಇದು: ಸೂಜಿಯ ಔಷಧ ಬಾಯಿಂದ ಒಳಗೆ ಹೋಗುವುದಿಲ್ಲ, ಅದು ಅನ್ನವೂ ಅಲ್ಲ, ನೀರೂ ಅಲ್ಲ, ಅದಕ್ಕೆ ದೋಷವಿಲ್ಲ. ನಿಂತವರೆಲ್ಲ ತಲೆದೂಗಿದರು. ಎಂಥಾ ಸೂಕ್ಷ್ಮ ತೆಗೆದರು ನೋಡಿ ಎಂದು ಒಬ್ಬರು ಅಂದದ್ದು ನನಗೆ ಕಂಬಳಿಯೊಳಗೂ ಕೇಳಿಸಿತು. ನನಗೂ ಹೆಮ್ಮೆಯಾಯಿತು. ಕಹಿ ಔಷಧ ತಪ್ಪಿತಲ್ಲ ಎಂಬ ಸಂತೋಷ ಬೇರೆ.

ಸಾಹೇಬರು ಮನೆಗೆ ಹೋಗಿ ಸೂಜಿ ಕುದಿಸಿಕೊಂಡು ಬಂದರು. ನನ್ನನ್ನು ಹಾಸಿಗೆಯ ಮೇಲೆ ಬೋರಲು ಮಲಗಿಸಿರಿ ಎಂದರು. ಹಾಸಿಗೆಯನ್ನು ಜಗಲಿಗೆ ತಂದು, ಹೊರಗಿನವರು ಮುಟ್ಟಿ, ಮತ್ತೆ ಒಳಗೆ ಒಯ್ಯುವುದು ಹೇಗೆ. ಬರೀ ನೆಲದ ಮೇಲೆ ಜ್ವರದ ಕೂಸನ್ನು ಮಲಗಿಸುವುದು ಹೇಗೆ. ಕಡೆಗೆ ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ನಿಂತ. ಹೆಣ್ಣುಕೂಸು, ಓಣಿಯ ಜನ ನೋಡುತ್ತಿದ್ದಾರೆ ಎಂದು ಪರಕಾರವನ್ನು ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಒಂದು ಬೆರಳು ಕಡಿಮೆಯೇ ಎತ್ತಿದ. ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಸಾಹೇಬರು ಅನ್ನುತ್ತಿದ್ದರು. ತಾತ ಒಳಗಿನಿಂದ, ಆಯಿತು, ಬೇಗ ಮುಗಿಸಿರಿ ಎಂದ.

ಸೊಂಟದಿಂದ ಅಂಗಾಲಿನವರೆಗೆ ಕಾಸಿದ ತಂತಿ ಎಳೆದ ಹಾಗಾಯಿತು. ನಾನು ಒದ್ದೆ. ಆಮೇಲೆ ಬಲಗಾಲು ಒದೆಯಲಿಲ್ಲ, ಎಡಗಾಲು ಮಾತ್ರ ಒದೆಯುತ್ತಿತ್ತು. ಸಾಹೇಬರು ಸೂಜಿ ಕಿತ್ತು ನನ್ನ ಪಾದ ಹಿಡಿದು, ಬೆರಳು ಆಡಿಸು ಬೇಟಾ, ಬೆರಳು ಆಡಿಸು ಎಂದು ಎರಡು ಮೂರು ಸಲ ಅಂದರು. ಅವರ ಮುಖ ಬಿಳುಚಿಕೊಂಡಿತ್ತು. ಮಗು ಹೆದರಿದೆ, ನಾಳೆ ಸರಿಹೋಗುತ್ತದೆ ಎಂದು ಅಪ್ಪ ನನ್ನನ್ನು ಒಳಗೆ ಒಯ್ದ.

ಜ್ವರವೇನೋ ಇಳಿಯಿತು. ತಾತನ ತೀರ್ಪಿನ ಸುದ್ದಿ ಓಣಿ ದಾಟಿ, ಊರು ದಾಟಿ, ನೆಂಟರಿದ್ದ ಕಡೆಯೆಲ್ಲ ಹೋಯಿತು. ಮಿಕ್ಸ್ಚರಿನ ಹೆಸರು ಕೇಳಿದರೆ ಮೂಗು ಮುರಿಯುತ್ತಿದ್ದ ಮನೆಗಳಿಗೆಲ್ಲ ಒಂದು ಕಿಂಡಿ ತೆರೆದ ಹಾಗಾಯಿತು. ನಾನು ಮಾತ್ರ ಮೂರನೆಯ ದಿನ ಹಿತ್ತಲಿಗೆ ಹೋಗಬೇಕೆಂದು ಎದ್ದವಳು ಹೊಸ್ತಿಲಿನ ಮೇಲೆ ಬಿದ್ದೆ. ಮತ್ತೆ ಎದ್ದೆ, ಮತ್ತೆ ಬಿದ್ದೆ. ಹಿಮ್ಮಡಿ ಊರುವ ಮೊದಲೇ ಬೆರಳು ನೆಲಕ್ಕೆ ತಾಗುತ್ತಿತ್ತು. ಪಾದ ಕೀಲು ಸಡಿಲಾದ ಕದದ ಹಾಗೆ ಜೋಲುತ್ತಿತ್ತು. ಮೇಲೆತ್ತು ಎಂದು ನಾನು ನನ್ನ ಪಾದಕ್ಕೆ ಹೇಳುತ್ತಿದ್ದೆ, ಅದು ಯಾರದೋ ಪಾದದ ಹಾಗೆ ಸುಮ್ಮನಿರುತ್ತಿತ್ತು. ಆ ಭಯ ಈಗಲೂ ಒಮ್ಮೊಮ್ಮೆ ಬೆಳಗಿನ ಜಾವ ಬಂದು ಹೋಗುತ್ತದೆ.

ದೃಷ್ಟಿ ತೆಗೆದರು, ಎಣ್ಣೆ ತಿಕ್ಕಿದರು, ಜಾತಕ ನೋಡಿದರು. ಮನೆಗೆ ಬಂದವರೆಲ್ಲ ಕಡೆಗೆ ಒಂದು ಮಾತಿಗೆ ಬಂದು ನಿಂತರು: ಸಾಹೇಬರ ಕೈ ಚಲೋ ಇಲ್ಲ. ತಾತ ಅದನ್ನು ಹೌದು ಎನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ನಮ್ಮ ಓಣಿಯವರು ಅವರ ಕೋಣೆಗೆ ಹೋಗುವುದನ್ನು ಬಿಟ್ಟರು. ಒಂದು ದಿನ ಸಾಹೇಬರೇ ಬಂದು ಜಗಲಿಯ ಕೆಳಗೆ ನಿಂತು, ಕೂಸಿನ ಕಾಲು ಒಮ್ಮೆ ನೋಡುತ್ತೇನೆ ಎಂದರು. ಅಪ್ಪ ಶಾಲೆಗೆ ಹೋಗಿದ್ದ. ತಾತ ದೇವರ ಮನೆಯಲ್ಲಿದ್ದ, ಅವರು ಬಂದದ್ದು ಗೊತ್ತಿತ್ತು, ಹೊರಗೆ ಬರಲಿಲ್ಲ. ಬಿಸಿಲಲ್ಲಿ ಬಹಳ ಹೊತ್ತು ನಿಂತಿದ್ದು ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಕರೆಯಲಿಲ್ಲ. ನನಗೂ ಅವರ ಮೇಲೆ ಸಿಟ್ಟಿತ್ತು.

ಒಂದು ತಿಂಗಳು ಕಳೆದ ಮೇಲೆ ಅಪ್ಪ, ಅಮ್ಮ ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋದರು. ಅಮ್ಮನ ಕಂಕುಳಲ್ಲಿ ವರ್ಷದ ತಮ್ಮ, ಅಪ್ಪನ ಹೆಗಲ ಮೇಲೆ ನಾನು. ಬಸ್ಸಿನಲ್ಲಿ ಧೂಳು ತಿಂದು, ನಾನು ಎರಡು ಸಲ ವಾಂತಿ ಮಾಡಿಕೊಂಡು ಡಾಕ್ಟರ ಬಳಿ ಹೋಗಿ ಸೇರಿದೆವು. ಅಲ್ಲಿ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಅರಕೇರಾ ಕಡೆಯ ಕುರುಬರ ಹೆಂಗಸೊಬ್ಬಳು ಕೂತಿದ್ದಳು. ಅವಳ ತೊಡೆಯ ಮೇಲೆ ನಾಲ್ಕು ವರ್ಷದ ಮಗಳು. ಆ ಹುಡುಗಿಯ ಎಡಪಾದ ನನ್ನ ಬಲಪಾದದ ಹಾಗೇ ಜೋಲುತ್ತಿತ್ತು. ನಾವಿಬ್ಬರೂ ಒಬ್ಬರ ಪಾದ ಒಬ್ಬರು ನೋಡಿಕೊಂಡೆವು.

ಡಾಕ್ಟರರು ನನ್ನ ಪಾದದ ಮೇಲೆ ಗುಂಡುಸೂಜಿ ಚುಚ್ಚಿ, ನೋಯುತ್ತದೆಯೇ ಎಂದರು. ನನಗೆ ಚುಚ್ಚಿದ್ದೇ ತಿಳಿಯಲಿಲ್ಲ. ಕಾಲುಬೆರಳಿನಿಂದ ಶುರುಮಾಡಿ ಮೇಲೆ ಮೇಲೆ ಚುಚ್ಚುತ್ತ ಬಂದರು, ಮೊಣಕಾಲಿನ ಹತ್ತಿರ ಬಂದಾಗ ಚೀರಿದೆ. ಆ ಹುಡುಗಿಯನ್ನೂ ಹಾಗೇ ನೋಡಿದರು. ಆಮೇಲೆ ಎರಡೂ ಮನೆಯವರಿಗೆ ಒಟ್ಟಿಗೇ ತಿಳಿಸಿ ಹೇಳಿದರು. ಕುಂಡೆಯ ಮಾಂಸದೊಳಗಿಂದ ಕಾಲಿಗೆ ಒಂದು ದಪ್ಪ ನರ ಇಳಿಯುತ್ತದೆ. ಬಡಕಲು ಮಕ್ಕಳಲ್ಲಿ ಅದು ಮೇಲೆಯೇ ಸಿಗುತ್ತದೆ. ಕ್ವಿನೈನ್ ಅದಕ್ಕೆ ತಾಗಿದರೆ ಸುಟ್ಟುಬಿಡುತ್ತದೆ. ಮಗುವನ್ನು ಮಲಗಿಸಿ, ಮೇಲೆ ಹೊರಮಗ್ಗುಲಿಗೆ ಚುಚ್ಚಬೇಕು. ಹೆಗಲ ಮೇಲೆ ಹಾಕಿಕೊಂಡು ನಿಂತರೆ ಸೂಜಿ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ವರ್ಷದೊಳಗೆ ಸ್ವಲ್ಪ ಶಕ್ತಿ ಬರಬಹುದು, ಪೂರ್ತಿ ಬರುತ್ತದೆಂದು ಹೇಳಲಾರೆ ಎಂದರು. ಕಡೆಗೆ ಅಪ್ಪನ ಕಡೆ ತಿರುಗಿ ಕೇಳಿದರು, ಈ ಔಷಧ ಬಾಯಿಂದಲೇ ಕೊಡಬಹುದಿತ್ತಲ್ಲ, ಯಾಕೆ ಕೊಡಲಿಲ್ಲ. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹೊರಗೆ ಬಂದ ಮೇಲೆ ಅಮ್ಮ ಸೂಜಿ ಮಾಡಿದವರನ್ನು ಶಪಿಸತೊಡಗಿದಳು. ಆ ಹೆಂಗಸು ಮಗಳಿಗೆ ಸೆರಗು ಹೊದಿಸುತ್ತ ಹೇಳಿದಳು, "ಅಂವನ್ನ ಏನು ಬೈಯೂದ್ರಿ ಯವ್ವಾ. ನಮಗ ಸೂಜಿ ಮಾಡಿದಂವ ಔಸ್ದಿ ಕುಡಸ್ರಿ ಅಂತ ಬಡಕೊಂಡ. ಏಳು ದಿನ ಯಾರು ಕುಂದರಬೇಕು, ಕುರಿ ಹಿಂದ ಹೋಗೂದು ಇರ್ತದ. ಒಂದಽ ಸೂಜೀಲೆ ಮುಗೀಲಿ ಅಂತ ನಾವಽ ಕೇಳಿ ಮಾಡಿಸಿದ್ವಿ. ನೀವ್ಯಾಕ ಮಾಡಿಸಿದ್ರಿ?"

ಅಮ್ಮ ತಡೆದು ತಡೆದು, ಮಿಕ್ಸ್ಚರಿನ ನೀರು ಬೇರೆಯವರ ಮನೆಯದು ಎಂದಳು. ಆ ಹೆಂಗಸಿಗೆ ತಿಳಿಯಲಿಲ್ಲ.

"ನೀರಿಗೇನಾಗಿತ್ತ್ರಿ?" ಎಂದಳು.

ಅವಳು ಚುಚ್ಚಿ ಕೇಳಲಿಲ್ಲ. ನೀರು ಕೆಟ್ಟಿತ್ತೇನೋ, ಹುಳು ಬಿದ್ದಿತ್ತೇನೋ ಎಂದು ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು. ಅಮ್ಮ ತಮ್ಮನನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಬಸ್ಸಿನ ಕಡೆ ನಡೆದಳು.

ನಮ್ಮ ಮನೆಯಲ್ಲಿ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ಅಮ್ಮ ಬಾಗಿಲ ಹಿಂದೆ ನಿಂತು ನನಗೆ ಹೇಳುವಳು, ಎದುರಿಗೇ ಕೂತ ತಾತ ಕೇಳಿಸಿಕೊಂಡು ನನಗೇ ಉತ್ತರ ಕೊಡುವನು. ನಾನು ನಡುವಿನ ಟಪಾಲು. ಅವತ್ತು ಊಟವಾದ ಮೇಲೆ ಅಮ್ಮ ಬಾಗಿಲ ಹಿಂದಿನಿಂದ, ಡಾಕ್ಟರು ಬಾಯಿಂದ ಯಾಕೆ ಕೊಡಲಿಲ್ಲ ಅಂತ ಕೇಳಿದರು, ಹೇಳು ನಿಮ್ಮ ತಾತನಿಗೆ ಎಂದಳು. ನಾನು ಗಟ್ಟಿಯಾಗಿ ಹೇಳಿದೆ. ತಾತ ಅಡಿಕೆ ಕತ್ತರಿಸುತ್ತಿದ್ದವನು ಕತ್ತರಿಸುತ್ತಲೇ ಇದ್ದ. ಅಮ್ಮ ಮರುದಿನ ಹಳೆಯ ಸೀರೆಯ ಅಂಚು ಹರಿದು, ಪಾದ ಜೋಲದಂತೆ ಬೆರಳಿನಿಂದ ಮೊಣಕಾಲಿಗೆ ಕಟ್ಟಲು ಪಟ್ಟಿ ಹೊಲಿದಳು. ಡಾಕ್ಟರರು ಚರ್ಮದ ಪಟ್ಟಿ ಹೇಳಿದ್ದರು, ಚರ್ಮ ಮನೆಯೊಳಗೆ ಬರುವ ಹಾಗಿರಲಿಲ್ಲ. ಆ ಬಟ್ಟೆಯ ಪಟ್ಟಿ ಕಟ್ಟಿಕೊಂಡು ನಾನು ಗೋಡೆ ಹಿಡಿದು ನಡೆಯುವುದನ್ನು ಕಲಿತೆ. ತಾತ ನನ್ನ ಮುಖ ನೋಡಿ ಮಾತಾಡುತ್ತಿದ್ದ, ಕಾಲಿನ ಕಡೆ ನೋಡುತ್ತಿರಲಿಲ್ಲ. ಜಗಲಿಯ ಮೇಲೆ ವ್ಯವಸ್ಥೆ ಕೊಡುವುದು ಮೊದಲಿನಂತೆಯೇ ನಡೆದಿತ್ತು.

ಮರುವರ್ಷ ಅದೇ ದಿನಮಾನದಲ್ಲಿ ತಮ್ಮನಿಗೆ ಜ್ವರ ಬಂತು. ಅದೇ ನಡುಕ, ಅದೇ ದಿನ ಬಿಟ್ಟು ದಿನ. ಎರಡು ವರ್ಷದ ಕೂಸು, ಮೊದಲೇ ಹಂಚಿಕಡ್ಡಿ. ಆಗ ಮನೆಯಲ್ಲಿ ಗಬ್ಬೂರಿನಿಂದ ಬಂದಿದ್ದ ತಾತನ ತಂಗಿ ಇದ್ದಳು. ಅವಳಿಗೆ ಇದು ದೊಡ್ಡ ಸಮಸ್ಯೆಯಾಗಿಯೇ ಕಾಣಲಿಲ್ಲ. ಸೂಜಿ ಮಾಡಿಸಿರಿ, ಅಣ್ಣನೇ ತೀರ್ಪು ಕೊಟ್ಟಿದ್ದಾನಲ್ಲ ಎಂದಳು. ಗಬ್ಬೂರಿನಲ್ಲಿ ನಮ್ಮ ಮನೆಗಳಲ್ಲೆಲ್ಲ ಈಗ ಹಾಗೇ ಮಾಡುತ್ತೇವೆ, ಮಿಕ್ಸ್ಚರ್ ಯಾರೂ ಮುಟ್ಟುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು. ಈ ಹುಡುಗಿಯದು ಕೈಗುಣದಿಂದ ಕೆಟ್ಟಿತು, ಬೇರೆ ಕೈಯಿಂದ ಮಾಡಿಸಿದರಾಯಿತು ಎಂದು ನನ್ನ ಕಡೆ ಗದ್ದ ತೋರಿಸಿದಳು.

ತಾತ ತಂಗಿಯ ಮುಖವನ್ನೇ ನೋಡುತ್ತಿದ್ದ. ಎಷ್ಟು ಮಕ್ಕಳಿಗೆ ಮಾಡಿಸಿದಿರಿ ಎಂದು ಕೇಳಿದ. ಅವಳು ಬೆರಳು ಮಡಿಚುತ್ತ ಆ ಮನೆ, ಈ ಮನೆ ಎಂದು ಹೇಳುತ್ತ ಹೋದಳು. ತಾತ ಸಾಕು ಎಂದು ಕೈ ಎತ್ತಿದ. ಅಷ್ಟರಲ್ಲಿ ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಅಮ್ಮ ನನ್ನನ್ನು ಕರೆಯುತ್ತಾಳೆ ಎಂದು ಎದ್ದೆ. ಅವಳು ನನ್ನನ್ನು ಕರೆಯಲಿಲ್ಲ. ತಮ್ಮನನ್ನು ಎತ್ತಿಕೊಂಡು ಹೊಸ್ತಿಲು ದಾಟಿ ಬಂದು ತಾತನ ಎದುರಿಗೆ ನಿಂತಳು.

"ಮಾವನೋರ, ಸೂಜಿ ಬ್ಯಾಡ್ರಿ," ಎಂದಳು. "ನಿಮ್ಮ ಮಾತಿಗೆ ಒಂದು ಕೂಸಿನ ಕಾಲು ಕೊಟ್ಟೀನಿ. ಇದನ್ನ ಕೊಡೂದಿಲ್ಲ."

ತಂಗಿ ಬಾಯಿ ತೆರೆದವಳು ಹಾಗೇ ಕೂತಳು. ಅಪ್ಪ ನೆಲ ನೋಡುತ್ತಿದ್ದ. ಈಗ ಕಣ್ಣು ಮುಚ್ಚುತ್ತಾನೆ, ತೀರ್ಪು ಹೇಳುತ್ತಾನೆ ಎಂದು ನಾನು ಕಾಯ್ದೆ. ತಾತ ಕಣ್ಣು ಮುಚ್ಚಲಿಲ್ಲ. ಎದ್ದು, ಉಟ್ಟ ಮಡಿಯಲ್ಲೇ, ಮೆಟ್ಟಿಲಿಳಿದು ಓಣಿಗೆ ಹೋದ. ನಾನು ಕಾಲೆಳೆಯುತ್ತ ಹಿಂದೆ ಹೋದೆ. ಅವನು ತಿರುಗಿ ನೋಡಿ, ನನಗಾಗಿ ನಿಂತು, ಮತ್ತೆ ನಡೆದ. ಜಗಲಿಗಳ ಮೇಲೆ ಕೂತವರು ಒಬ್ಬೊಬ್ಬರಾಗಿ ಎದ್ದು ನಿಂತರು. ಕೆಲವರು ಹಿಂದೆಯೇ ಬಂದರು.

ಸಾಹೇಬರ ಕೋಣೆ ಖಾಲಿಯಿತ್ತು. ತಾತನನ್ನು ಕಂಡು ಅವರು ಗಡಬಡಿಸಿ ಎದ್ದರು. ಮೊಮ್ಮಗನಿಗೆ ಜ್ವರ, ಕುಡಿಯುವ ಔಷಧ ಮಾಡಿ ಕೊಡಿ ಎಂದ ತಾತ. ಸಾಹೇಬರು, ನೀರು ನಿಮ್ಮ ಮನೆಯಿಂದ ತರಿಸುತ್ತೀರಾ ಎಂದು ಮೆಲ್ಲಗೆ ಕೇಳಿದರು. ಬೇಡ, ನಿಮ್ಮ ಕೊಡದ್ದೇ ಆಗಲಿ ಎಂದ. ಅವರು ತೂಗಿ, ಹನಿ ಬಿಟ್ಟು, ಕಲಕಿ, ಸೀಸೆಗೆ ಸುರಿದು, ಎಷ್ಟೆಷ್ಟು ಕುಡಿಸಬೇಕೆಂಬ ಗುರುತಿನ ಕಾಗದ ಅಂಟಿಸುವವರೆಗೂ ತಾತ ಅವರ ಮೆಟ್ಟಿಲ ಮೇಲೆ ಕೂತಿದ್ದ. ಆಮೇಲೆ ಒಂದು ಗುರುತಿನಷ್ಟು ಅಂಗೈಗೆ ಸುರಿದುಕೊಂಡು, ನೋಡುತ್ತ ನಿಂತವರೆಲ್ಲರ ಎದುರಿಗೆ ಕುಡಿದ. ಕಹಿಗೆ ಮುಖ ಕಿವುಚಿಕೊಂಡಿತು.

"ಹೋದ ವರ್ಷ ನಾ ಹೇಳಿದ್ದು ತಪ್ಪು," ಎಂದ. "ಮಕ್ಕಳಿಗೆ ಬಾಯಿಂದ ಕೊಡ್ರಿ. ಇವರದೇನೂ ತಪ್ಪಿಲ್ಲ, ಇವರು ಬ್ಯಾಡ ಅಂದಿದ್ರು."

ಸಾಹೇಬರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಮನೆಗೆ ಬಂದು ತಾತ ತಮ್ಮನನ್ನು ತಾನೇ ತೊಡೆಯ ಮೇಲೆ ಹಾಕಿಕೊಂಡು ಮೂಗು ಹಿಡಿದು ಕುಡಿಸಿದ. ಅರ್ಧ ಒಳಗೆ ಹೋಯಿತು, ಅರ್ಧವನ್ನು ಕೂಸು ತಾತನ ಮಡಿಪಂಚೆಯ ಮೇಲೆ ಉಗುಳಿತು. ಪಂಚೆ ಒರೆಸಿಕೊಂಡು ಮತ್ತೊಮ್ಮೆ ಕುಡಿಸಿದ. ಅದೇ ದಿನ ಅಪ್ಪನ ಕೈಯಲ್ಲಿ ಕಾಗದ ಬರೆಸಿ ತಂಗಿಯ ಜೊತೆ ಗಬ್ಬೂರಿಗೆ ಕಳಿಸಿದ. ತಮ್ಮ ವಾರದಲ್ಲಿ ಜ್ವರ ಬಿಟ್ಟು ಎದ್ದ. ಮುಂದೆ ಅವನು ಎಲ್ಲರ ಹಾಗೆ ಓಡಿದ, ಮರ ಹತ್ತಿದ.

ಆದರೆ ನನಗೆ ಅವತ್ತು ಸಂತೋಷವಾಗಲಿಲ್ಲ. ಗಂಡುಕೂಸು ಅಂತ ಕುಡಿಸಿದನೇ, ಹೆಣ್ಣು ಅಂತ ನನ್ನನ್ನು ಬಿಟ್ಟನೇ. ಅಮ್ಮ ತಮ್ಮನನ್ನು ಒಳಗೆ ಒಯ್ದ ಮೇಲೆ ತಾತ ಒಬ್ಬನೇ ಕೂತಿದ್ದ. ನಾನು ಹೋಗಿ ಅವನ ಎದುರಿಗೆ ನಿಂತೆ.

"ತಾತ, ನನಗ್ಯಾಕ ಕುಡಸಲಿಲ್ಲ?"

ಅವನು ವರ್ಷದಲ್ಲಿ ಮೊದಲನೆಯ ಸಲ ನನ್ನ ಬಲಗಾಲನ್ನು ನೋಡಿದ. ಪಟ್ಟಿಯನ್ನು, ಜೋಲುವ ಪಾದವನ್ನು, ಬೆರಳುಗಳ ಮೇಲೆ ಒಣಗಿದ ಗಾಯಗಳನ್ನು ಕಣ್ಣು ತೆಗೆಯದೆ ನೋಡಿದ.

"ನೀ ಹೆಣ್ಣು ಅಂತಲ್ಲ," ಎಂದ. "ಜನ ನೋಡ್ಲಿಕ್ಕೆ ಹತ್ತಿದ್ರು. ಸೂಜಿ ಅಂದ ಕೂಡ್ಲೆ ನನಗ ಛಂದನ ಮಾತೊಂದು ಹೊಳೀತು. ಅದನ್ನ ಹೇಳಬೇಕಂತ ಅನಿಸ್ತು. ನಿನ್ನ ಕಡೆ ನೋಡಲಿಲ್ಲ."

ನಾನು ಮುಷ್ಟಿ ಕಟ್ಟಿ ಅವನ ಎದೆಗೆ ಗುದ್ದಿದೆ. ಮತ್ತೆ ಗುದ್ದಿದೆ, ಅಳುತ್ತ ಅಳುತ್ತ ಗುದ್ದಿದೆ. ಅವನು ನನ್ನ ಕೈ ಹಿಡಿಯಲಿಲ್ಲ, ಹಿಂದೆ ಸರಿಯಲಿಲ್ಲ. ಅಮ್ಮ ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತಿದ್ದಳು. ಹಿರಿಯರಿಗೆ ಎದುರು ಮಾತಾಡಿದರೆ ನನ್ನ ಬೆನ್ನು ಕೆಂಪಗೆ ಮಾಡುತ್ತಿದ್ದ ಅಮ್ಮ, ನನ್ನ ಕೈ ಸೋತು ಬೀಳುವವರೆಗೂ ಅಲ್ಲೇ ನಿಂತು ನೋಡಿದಳು, ಬೇಡ ಅನ್ನಲಿಲ್ಲ.